ಕೊಲೆಗಾರನ ಹೆಸರಲ್ಲಿ ಬರೆದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಜಿರಳೆ ಕಂಡರೆ ಮಂಚ ಹತ್ತುವ ಆಸಾಮಿ. ಅಂಥವನು ಹೊಟ್ಟೆಪಾಡಿಗೆ ಬರೆಯುತ್ತಿದ್ದದ್ದು ಪಾಳು ಬಂಗಲೆ, ರಕ್ತ, ನೆಲಮಾಳಿಗೆಯ ಹೆಣಗಳ ಕಾದಂಬರಿ. ಮುಖಪುಟದ ಮೇಲೆ ಮಾತ್ರ ಅವನ ಹೆಸರಿರುತ್ತಿರಲಿಲ್ಲ. ಗಲ್ಲಿಗೇರಿದ ಯಾವನಾದರೊಬ್ಬ ಕೊಲೆಗಾರನ ಹೆಸರು, ಅದರ ಕೆಳಗೆ ‘ಜೈಲಿನಲ್ಲಿ ಸ್ವತಃ ಬರೆದದ್ದು’ ಎಂಬ ಹಸಿ ಸುಳ್ಳು.

"ನಿನ್ನ ಹೆಸರು ಹಾಕಿದ್ರೆ ನಿನ್ನ ಹೆಂಡ್ತೀನೂ ಓದಲ್ಲ ಕಣೋ," ಎನ್ನುತ್ತಿದ್ದ ಪ್ರೆಸ್ಸಿನ ಮಾಲೀಕ. ಚಿಕ್ಕಪ್ಪ ಹಲ್ಲು ಕಿರಿಯುತ್ತಿದ್ದ. ಸತ್ತವರು ಜಗಳಕ್ಕೆ ಬರುವುದಿಲ್ಲವಲ್ಲ! ಅವರಿಗೂ ಮನೆಮಂದಿ ಇರುತ್ತಾರೆಂದು ಈ ಇಬ್ಬರು ಬುದ್ಧಿವಂತರಿಗೆ ಹೊಳೆಯಲೇ ಇಲ್ಲ.

ಚಿಕ್ಕಪ್ಪ, ಮಾಲೀಕ ಇಬ್ಬರೂ ಇದ್ದ ಒಂದು ಮಧ್ಯಾಹ್ನ ನಾನು ಮುಖಪುಟಗಳಿಗೆ ಅಂಟು ಹಚ್ಚುತ್ತಿದ್ದಾಗ ಮುದುಕಿಯೊಬ್ಬಳು ಪ್ರೆಸ್ಸಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ನಮ್ಮದೇ ಪುಸ್ತಕ. ಅದರ ಮೇಲೆ ಹೆಸರಿದ್ದ ಕೊಲೆಗಾರನ ತಾಯಿ ಆಕೆ. ಓದು ಬಾರದ ಆಕೆಗೆ ಪಕ್ಕದ ಮನೆಯ ಹುಡುಗಿ ಓದಿ ಹೇಳಿದ್ದಳಂತೆ.

"ಅಕ್ಕನ ಕತ್ತು ಹಿಸುಕಬೇಕು ಅಂತ ಚಿಕ್ಕಂದಿನಿಂದ ಅನ್ನಿಸ್ತಿತ್ತು ಅಂತ ಬರ್ದಿದಾನೆ. ನಾನೇನಪ್ಪ ಮಾಡಿದ್ದೆ ಅವನಿಗೆ?"

ಚಿಕ್ಕಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆ ಅಕ್ಕ ಅವನೇ ಕಥೆಗೆಂದು ಹುಟ್ಟಿಸಿದ್ದ ಹುಡುಗಿ. ಮುದುಕಿಯೇ ಬಿಡಿಸಿ ಹೇಳಿದಳು: ತನ್ನ ತವರಲ್ಲೇ ಬೆಳೆದ ಮಗ ಸೋದರಮಾವಂದಿರ ಬಾಯಲ್ಲಿ ಕೇಳಿ ಕೇಳಿ, ತಾನೂ ತಾಯಿಯನ್ನು ಅಕ್ಕ ಎಂದೇ ಕರೆಯುತ್ತಿದ್ದ. ಜೈಲಿನಲ್ಲಿ ಕೊನೆಯ ಸಲ ನೋಡಿದಾಗಲೂ "ಊಟ ಆಯ್ತಾ ಅಕ್ಕಾ?" ಅಂದಿದ್ದನಂತೆ.

ಮಾಲೀಕ ಕಣ್ಣಲ್ಲೇ ಗದರಿದರೂ ಚಿಕ್ಕಪ್ಪ ಬಾಯಿಬಿಟ್ಟ. "ಅಮ್ಮಾ, ನಿಮ್ಮ ಮಗ ಒಂದಕ್ಷರಾನೂ ಬರ್ದಿಲ್ಲ. ಎಲ್ಲಾ ನಾನು ಕಟ್ಟಿದ್ದು. ನನ್ನ ಮಕ್ಕಳಾಣೆ."

"ಹಾಗಾದ್ರೆ ಅಕ್ಕ ಅನ್ನೋದು ನಿಂಗೆ ಯಾರು ಹೇಳಿದ್ರು? ನಮ್ಮನೆಯವ್ರು ಬಿಟ್ರೆ ಯಾರಿಗೂ ಗೊತ್ತಿಲ್ಲ." ಆಕೆ ಅವನ ಕೈ ಸವರಿದಳು. "ಮುದುಕಿ ನೊಂದ್ಕೋತಾಳೆ ಅಂತ ಸುಳ್ಳು ಹೇಳ್ತಿದೀಯ. ಒಳ್ಳೇವನು ಕಣಪ್ಪ ನೀನು."

ಅಂಟಿನ ಡಬ್ಬವನ್ನು ಮಾಲೀಕನ ಮುಖಕ್ಕೆ ಎಸೆಯುವಷ್ಟು ಸಿಟ್ಟು ಬಂತು ನನಗೆ. ಆಮೇಲೆ ಸಾಯುವವರೆಗೂ ಚಿಕ್ಕಪ್ಪ ಕಥೆ ಬರೆಯಲಿಲ್ಲ, ಬೇರೆಯವರ ಕರಡು ತಿದ್ದಿಕೊಂಡಿದ್ದ. ಅದರಿಂದ ಆಕೆಗೇನು ಬಂತು?

ಆಕೆ ಪುಸ್ತಕವನ್ನು ಮುಂದೆ ಚಾಚಿದಳು. "ಬೈದಿದ್ರೂ ಇರ್ಲಿ. ಅಕ್ಕ ಅಂತ ಎಲ್ಲಿ ಬರ್ದಿದಾನೆ, ತೋರ್ಸಪ್ಪ."

ಚಿಕ್ಕಪ್ಪ ಅಳುತ್ತಲೇ ಪುಟ ಹುಡುಕಿ, ಆಕೆಯ ಬೆರಳು ಹಿಡಿದು ಆ ಪದದ ಮೇಲಿಟ್ಟ.

"ಇಷ್ಟೇನಾ? ಎರಡೇ ಅಕ್ಷರಾನಾ?" ಎಂದಳು ಆಕೆ, ಬೆರಳು ತೆಗೆಯದೆ.