ಹೆಡ್ ಕ್ಲಾರ್ಕರು ಆರಿಸಿಕೊಟ್ಟ ಬರಹಗಾರ

ನಿಯಮಗಳೇ ನಾಗರಿಕತೆಯ ಬುನಾದಿ. ನಮ್ಮ ಬೆಳಗಾವಿ ಕಾಲೇಜಿನ ಹೆಡ್ ಕ್ಲಾರ್ಕರಿಗಂತೂ ಅವು ಊಟದ ನಂತರದ ಎಲೆಅಡಿಕೆಯಾಗಿದ್ದವು.

ಕಣ್ಣು ಕಾಣದ ನಾನು, ಬಿ.ಎ. ಕೊನೆಯ ಪರೀಕ್ಷೆಗೆ ಉತ್ತರ ಬರೆದುಕೊಡುವವರು ಬೇಕೆಂದು ಅರ್ಜಿ ಕೊಟ್ಟೆ. ಅವರು ರೂಲರಿನಿಂದ ಮೇಜು ಕುಟ್ಟಿದರು.

"ನಿಯಮ ಅಂದ್ರ ನಿಯಮ್ರಿ. ಬರಿಯಾಂವ ನಿಮಗಿಂತ ಕಡಿಮಿ ಕಲ್ತಿರಬೇಕು."

ನಾಲ್ಕನೇ ಇಯತ್ತೆ ಓದಿದ್ದ ಖಾನಾಪುರದ ಜವಾನನನ್ನು ಆರಿಸಿದರು. ಮೂರು ತಾಸು ಕನ್ನಡದಲ್ಲಿ ಹೇಳಿ ಬರೆಸಿದೆ. ಕೊನೆಗೆ ಮೇಲ್ವಿಚಾರಕರು ಹೌಹಾರಿದರು:

"ಮಾತು ಕನ್ನಡ, ಅಕ್ಷರ ಮರಾಠಿ. ಏನೋ ಇದು?"

"ನಾ ಕಲ್ತದ್ದು ಮರಾಠಿ ಸಾಲ್ಯಾಗರಿ, ಸಾಹೇಬ್ರ," ಎಂದ ಜವಾನ.

ನನ್ನ ಒಂದು ವರ್ಷ ಮಣ್ಣುಪಾಲಾಯಿತು ಅಂದುಕೊಂಡೆ. ಹೆಡ್ ಕ್ಲಾರ್ಕರು ಬಂದು ಪರೀಕ್ಷಾ ಕೋಣೆಯ ಬಾಗಿಲು ರೂಲರಿನಿಂದ ಕುಟ್ಟಿ ಮೇಲ್ವಿಚಾರಕರಿಗೆ ಹೇಳಿದರು:

"ನಿಯಮ ಅಂದ್ರ ನಿಯಮ್ರಿ. ಅದರಾಗ ಲಿಪಿ ಸುದ್ದಿನ ಇಲ್ಲ. ಉತ್ತರಪತ್ರಿಕಿ ಕಟ್ಟಿ ಕಳಸ್ರಿ."

ಮೌಲ್ಯಮಾಪಕರು ಹೇಗೆ ಓದಿದರೋ, ಆ ಪತ್ರಿಕೆಯಲ್ಲಿ ನನಗೆ ಪಾಸಾಗುವಷ್ಟು, ನಲವತ್ತೊಂದು ಅಂಕ ಬಂದವು.