ಚಿಕ್ಕಿ ಬೈಕು ನಿಲ್ಲಿಸಿದ ಹೊತ್ತು

ಕಾಫಿ ಕೊಯ್ಲು ಮುಗಿದು ಗಿಡಗಳನ್ನು ಅರಳಿಸುವ ಹೂಮಳೆ ಇನ್ನೂ ಬೀಳದ ನಡುವೆ ಆಗೆಲ್ಲ ನಮ್ಮ ಎಸ್ಟೇಟಿಗೆ ಒಂದು ಬಿಡುವಿನ ಕಾಲ ಬರುತ್ತಿತ್ತು. ಪಾರ್ಚ್‌ಮೆಂಟ್ ಎಂಬ ಸಿಪ್ಪೆ ಸುಲಿದ ಕಾಫಿ ಬೀಜ ಒಣಗಿ ಮೂಟೆಯಾಗಿ ಲಾರಿ ಹತ್ತಿರುತ್ತಿತ್ತು. ಖಾಲಿಯಾದ ಸಿಮೆಂಟು ಕಣ ಮಧ್ಯಾಹ್ನದ ಹೊತ್ತಿಗೆ ಕಾವಲಿಯಂತೆ ಕಾಯುತ್ತಿತ್ತು. ಅದರ ಮೇಲೆ ಕುಂಟೆಬಿಲ್ಲೆ ಆಡಿ ಅಂಗಾಲು ಸುಟ್ಟುಕೊಂಡು, ಕುಣಿಯುತ್ತಾ ನೆರಳಿಗೆ ಓಡುತ್ತಿದ್ದೆವು. ಎಸ್ಟೇಟಿನಲ್ಲಿ ಬೆಳೆದವರಿಗೆಲ್ಲ ಆ ಕಣದ ವಾಸನೆ ಗೊತ್ತು: ಹುಳಿ ಬಂದ ಕಾಫಿ ಸಿಪ್ಪೆ, ಗೋಣಿಚೀಲ, ಬಿಸಿ ಧೂಳು. ನನಗೆ ಅದರ ಜೊತೆ ಸೀಮೆಎಣ್ಣೆಯೂ ಸೇರಿಕೊಂಡು ನೆನಪಾಗುತ್ತದೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಚಿಕ್ಕಿ ಆ ಕಣದಲ್ಲಿ ಒಂದು ಬೈಕನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಳು.

ಚಿಕ್ಕಿ ಅಂದರೆ ಅಮ್ಮನ ತಂಗಿ ಸುನಂದ. ಅಪ್ಪ ಎಸ್ಟೇಟಿನ ಜೀಪ್ ಡ್ರೈವರು, ಚಿಕ್ಕಿ ಅಲ್ಲೇ ರೈಟರು. ಆಳುಗಳ ಹಾಜರಿ ತೆಗೆದುಕೊಂಡು, ಮೇಲಿನ ತೋಟ ಕೆಳಗಿನ ತೋಟ ಎಂದು ದಿನವಿಡೀ ಏರಿಳಿಯುವ ಕೆಲಸ ಅವಳದು. ಎಸ್ಟೇಟಿನ ಯಜಮಾನರಾದ ಗೌಡ್ರ ನೆಂಟರ ಹುಡುಗನೊಬ್ಬ ಗುಡ್ಡ ಹತ್ತಿಸುವ ಹುಮ್ಮಸ್ಸಿನಲ್ಲಿ ತಂದು, ಹಳ್ಳದಲ್ಲಿ ಬೀಳಿಸಿ, ಬಿಟ್ಟುಹೋಗಿದ್ದ ಬೈಕು ಅದು. ಎರಡು ಮಳೆಗಾಲ ಗೋಡೌನಿನ ಮೂಲೆಯಲ್ಲಿ ಬಿದ್ದಿತ್ತು. ಇಲಿಗಳು ಸೀಟು ಕಡಿದಿದ್ದವು. "ರಿಪೇರಿಯಾದ್ರೆ ನೀನೇ ಇಟ್ಕೋ ಸುನಂದ" ಎಂದು ಗೌಡ್ರು ನಗುತ್ತಾ ಹೇಳಿದ್ದರು. ಚಿಕ್ಕಿ ನಗಲಿಲ್ಲ. ಮರುದಿನವೇ ಅದನ್ನು ತಳ್ಳಿಕೊಂಡು ಕಣಕ್ಕೆ ತಂದಳು.

ಅಂಥ ಬೈಕನ್ನು ನಾವು ನೋಡಿರಲಿಲ್ಲ. ರೋಡಿನಲ್ಲೂ ಓಡುತ್ತದೆ, ಕಾಡುದಾರಿಯಲ್ಲೂ ಹತ್ತುತ್ತದೆ ಎಂದಳು ಚಿಕ್ಕಿ. ಮೈಯೆಲ್ಲ ಸಪೂರ, ಕಾಲು ಉದ್ದ. ಮುಂದಿನ ಮಡ್‌ಗಾರ್ಡು ಚಕ್ರದಿಂದ ಗೇಣಷ್ಟು ಮೇಲೆ ಕೊಕ್ಕರೆಯ ಕೊಕ್ಕಿನ ಹಾಗೆ ಚಾಚಿತ್ತು. ಕೊಟ್ಟಿಗೆಹಾರದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಹಮೀದಣ್ಣ ಅದರ ಸುತ್ತ ಒಂದು ಸುತ್ತು ಬಂದು, ಗಡ್ಡ ಕೆರೆದುಕೊಂಡರು.

"ಇದೆಂಥ ರೈಟ್ರಮ್ಮ? ಸೈಕಲ್ಲಿಗೆ ಕುದುರೆ ಜೀವ ಬಂದ ಹಾಗುಂಟು."

"ಜೀವ ಉಂಟಾ ಇಲ್ವಾ, ಅದನ್ನ ಹೇಳಿ ಹಮೀದಣ್ಣ."

"ಬಿಚ್ಚದೆ ಹ್ಯಾಗೆ ಹೇಳೋದು ಮಾರಾಯ್ತಿ?"

ಬಿಚ್ಚಿದರು. ಪ್ರತಿ ಭಾನುವಾರ ಹಮೀದಣ್ಣ ಸ್ಪ್ಯಾನರುಗಳ ಚೀಲ ಹೊತ್ತು ಬರುತ್ತಿದ್ದರು. ಅಮ್ಮ ಅಕ್ಕಿ ರೊಟ್ಟಿ, ಎಳೆ ಹಲಸಿನ ಪಲ್ಯ, ಬೆಲ್ಲದ ಕಾಫಿ ತಂದಿಡುತ್ತಿದ್ದಳು. ತಂದವಳು "ಹೆಣ್ಣು ಹುಡುಗಿ ಕೈ ನೋಡು, ಒಲೆ ಬೂದಿ ಬಳಿದ ಹಾಗಿದೆ" ಎಂದು ಗೊಣಗಿ, ಆಮೇಲೆ ತಾನೂ ನೋಡುತ್ತಾ ನಿಂತುಬಿಡುತ್ತಿದ್ದಳು. ಚಿಕ್ಕಿ ಬಿಚ್ಚಿದ ಪ್ರತಿಯೊಂದು ನಟ್ಟು ಬೋಲ್ಟನ್ನೂ ಟಾರ್ಪಾಲಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿಡುತ್ತಿದ್ದಳು. ಏರ್ ಫಿಲ್ಟರಿನ ಸ್ಪಂಜು ಕೆಮ್ಮಣ್ಣು ಕುಡಿದು ಇಟ್ಟಿಗೆಯಂತಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ಹಿಂಡಿ, ಸೋಪಿನಲ್ಲಿ ತೊಳೆದು, ನನ್ನ ಯೂನಿಫಾರಂ ಪಕ್ಕದಲ್ಲೇ ತಂತಿಗೆ ಒಣಹಾಕಿದಳು. ಆಮೇಲೆ ಅದಕ್ಕೆ ಎಣ್ಣೆ ಹಿಂಡಿ ಒಳಗೆ ಕೂರಿಸಿದಳು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದಳು. ಬಿಗಿಯಾದದ್ದು ಟಿಣ್ಣೆನ್ನುತ್ತಿತ್ತು. ಸಡಿಲವಾದದ್ದು ಒಡೆದ ಮಡಕೆಯಂತೆ ದೊಗ್ಗೆನ್ನುತ್ತಿತ್ತು.

ಕಾರ್ಬುರೇಟರಿನೊಳಗಿಂದ ಮೂಗುಬೊಟ್ಟಿನಷ್ಟೇ ದೊಡ್ಡದಾದ ಒಂದು ಹಿತ್ತಾಳೆ ಚೂರು ತೆಗೆದಳು. ಜೆಟ್ಟು ಅಂತೆ. ಹಳೇ ಪೆಟ್ರೋಲು ಅಂಟಿನಂತೆ ಗಟ್ಟಿಯಾಗಿ ಅದರ ತೂತು ಮುಚ್ಚಿತ್ತು. ವೈರಿನ ಒಂದು ಎಳೆ ತೂರಿಸಿ ಬಿಡಿಸಿ, ಬಿಸಿಲಿಗೆ ಹಿಡಿದು, "ನೋಡು ಪುಟ್ಟಿ" ಎಂದಳು. ಒಂದು ಕಣ್ಣು ಮುಚ್ಚಿ ನೋಡಿದೆ. ಕತ್ತಲಿನ ನಡುವೆ ಸೂಜಿಮೊನೆಯಷ್ಟು ಸೂರ್ಯ. ಇಷ್ಟು ಸಣ್ಣ ದಾರಿಯಲ್ಲಿ ಹೋಗುವ ಪೆಟ್ರೋಲು ಗುಡ್ಡ ಹತ್ತಿಸುತ್ತದೆಯೇ ಎಂದು ನನಗೆ ನಂಬಿಕೆಯೇ ಬರಲಿಲ್ಲ.

ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದ ಭಾನುವಾರವಂತೂ ನಾನು ಆಟಕ್ಕೇ ಹೋಗಲಿಲ್ಲ. ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಒಳಗೆ ಎಣ್ಣೆಯಲ್ಲಿ ಮಿಂದ ಎರಡು ಪುಟ್ಟ ಉಕ್ಕಿನ ಕೈಗಳು ಒಂದಾದ ಮೇಲೊಂದು ಬಾಗಿ ಎದ್ದವು. "ಇಲ್ಲಿ ಉಸಿರು ತಗೊಳ್ತದೆ, ಇಲ್ಲಿ ಬಿಡ್ತದೆ" ಎಂದರು ಹಮೀದಣ್ಣ. ಯಾರೂ ನೋಡದಿದ್ದರೂ ಕಬ್ಬಿಣದೊಳಗೆ ಇಂಥದ್ದೊಂದು ನಡೆಯುತ್ತಿರುತ್ತದಲ್ಲ ಎಂದು ನನಗೆ ಮೈ ಜುಮ್ಮೆಂದಿತು. ದೇವರ ಕೋಣೆಯಲ್ಲಿ ನಿಂತಾಗ ಆಗುವಂತೆ ಕೈ ಕಟ್ಟಿಕೊಂಡು ನಿಂತಿದ್ದೆ.

ಎಲ್ಲ ಮುಗಿದು ಬೈಕು ಸ್ಟಾರ್ಟ್ ಆದದ್ದು ಮಾರ್ಚಿ ತಿಂಗಳ ಒಂದು ಬೆಳಿಗ್ಗೆ. ಒದ್ದರು, ಕೆಮ್ಮಿತು. ಮತ್ತೆ ಒದ್ದರು, ಬಿಳಿ ಹೊಗೆ ಕಾರಿತು. ಆಮೇಲೆ ಒಮ್ಮೆಗೇ ಹಿಡಿದುಕೊಂಡು ಟಕಟಕನೆ ನಿಂತಲ್ಲೇ ಓಡತೊಡಗಿತು. ಚಿಕ್ಕಿ ಕಣದಲ್ಲಿ ಸುತ್ತು ಹೊಡೆದಳು. ಹಮೀದಣ್ಣ ಮೂರನೇ ಲೋಟ ಕಾಫಿಗೆ ಕೂತರು. ಅಪ್ಪ ಗೌಡ್ರನ್ನು ಕರೆದುಕೊಂಡು ಜೀಪಿನಲ್ಲಿ ಮೂಡಿಗೆರೆಗೆ ಹೋಗಿದ್ದ. ಅಮ್ಮ ಪಕ್ಕದ ಮನೆಯ ಸೀತಜ್ಜಿಯ ಜೊತೆ ಪೊರಕೆ ಹುಲ್ಲು ಕೊಯ್ಯಲು ಎದುರಿನ ಬೋಳುಗುಡ್ಡಕ್ಕೆ ಹೋಗಿದ್ದಳು.

ಹೊಗೆಯನ್ನು ಮೊದಲು ಕಂಡದ್ದು ಹಮೀದಣ್ಣ. ಗುಡ್ಡದ ಎಡ ಮೈಯಲ್ಲಿ, ಚಾರ್ಮಾಡಿ ಘಾಟಿ ಕಡೆಯಿಂದ ಗಾಳಿ ಏರಿ ಬರುವಲ್ಲಿ, ಹಳದಿ ಹೊಗೆ ಏಳುತ್ತಿತ್ತು. ಒಣ ಹುಲ್ಲಿಗೆ ಬಿದ್ದ ಬೆಂಕಿ ಗಾಳಿಯ ಜೊತೆ ಮೇಲಕ್ಕೆ ಓಡುತ್ತದೆ. ಅಮ್ಮ ಮತ್ತು ಅಜ್ಜಿ ಎರಡು ದಿಬ್ಬಗಳ ನಡುವಿನ ಇಳಿಜಾರಿನಲ್ಲಿದ್ದರು, ಅಲ್ಲಿಂದ ಬೆಂಕಿ ಕಾಣುವುದಿಲ್ಲ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಅಜ್ಜಿಗೆ ಮಂಡಿನೋವು, ಓಡಲಾರಳು.

"ಹಮೀದಣ್ಣ, ಪುಟ್ಟಿನ ನೋಡ್ಕೊಳಿ" ಎಂದು ಚಿಕ್ಕಿ ಹೊರಟೇಬಿಟ್ಟಳು.

ಕಣದಿಂದ ಗುಡ್ಡದ ಈ ಬದಿ ಪೂರ್ತಿ ಕಾಣುತ್ತಿತ್ತು. ತೋಟದ ಮೇಲಿನ ಗೇಟಿನವರೆಗೆ ಮರಗಳ ಒಳಗಿಂದ ಶಬ್ದ ಮಾತ್ರ ಕೇಳಿತು. ಅದರಾಚೆ ದನ ಓಡಾಡಿದ ಕಾಲುದಾರಿ. ಅದರಲ್ಲಿ ಚಿಕ್ಕಿ ಇರುವೆಯಷ್ಟಾಗಿ ಏರುತ್ತಿದ್ದಳು, ಸೀಟಿನಲ್ಲಿ ಕೂರದೆ ನಿಂತೇ ಇದ್ದಳು. ಕಲ್ಲು ಸಿಕ್ಕಲ್ಲಿ ಬೈಕು ಜಿಗಿಯಿತು, ಬೀಳಲಿಲ್ಲ. ದಿಬ್ಬದ ಹಿಂದೆ ಮರೆಯಾಯಿತು. ಹಮೀದಣ್ಣ ನನ್ನ ಹೆಗಲು ಹಿಡಿದು ಬಾಯೊಳಗೇ ಏನೋ ಓದಿಕೊಳ್ಳುತ್ತಿದ್ದರು.

ಸ್ವಲ್ಪ ಹೊತ್ತಿನಲ್ಲಿ ಬೈಕು ದಿಬ್ಬದ ತಲೆಯಲ್ಲಿ ಮತ್ತೆ ಕಂಡಿತು. ಹಿಂದೆ ಒಬ್ಬರು ಕೂತಿದ್ದರು. ಹತ್ತಿರ ಬಂದ ಮೇಲೆ ಸೆರಗು ಗುರುತು ಸಿಕ್ಕಿತು. ಸೀತಜ್ಜಿ. ಅಮ್ಮ ಇರಲಿಲ್ಲ.

ಕಣಕ್ಕೆ ಬಂದು ಇಳಿದವಳೇ ಅಜ್ಜಿ ನನ್ನನ್ನು ತಬ್ಬಿಕೊಂಡಳು. "ನಿನ್ನಮ್ಮನೇ ನನ್ನ ಹತ್ತಿಸಿದ್ಲು ಮಗಾ, ನೀನು ಮೊದ್ಲು ಹೋಗಜ್ಜಿ ಅಂತ. ನಡ್ಕೊಂಡು ಬರ್ತಿದಾಳೆ" ಎಂದು ಅತ್ತಳು. ಗುಡ್ಡದ ಅರ್ಧ ಹೊಗೆಯಲ್ಲಿ ಮುಳುಗಿತ್ತು. "ಹೋಗು ಚಿಕ್ಕಿ, ಹೋಗು!" ಎಂದು ನಾನು ಕಿರುಚಿದೆ.

ಚಿಕ್ಕಿ ಇಂಜಿನ್ ಆಫ್ ಮಾಡಿದಳು.

"ಹಮೀದಣ್ಣ, ಚೈನು ಹೊಡ್ಕೊಳ್ತಿದೆ. ಕಲ್ಲಿನ ಹತ್ರ ಹಾರೇಬಿಡ್ತಿತ್ತು."

ಹಮೀದಣ್ಣ ಆಗಲೇ ಮಂಡಿಯೂರಿದ್ದರು. ಹಿಂದಿನ ಆಕ್ಸಲ್ ನಟ್ಟು ಸಡಿಲಾಗಿ ಚಕ್ರ ಮುಂದಕ್ಕೆ ಜಾರಿ ಚೈನು ಜೋತುಬಿದ್ದಿತ್ತು. ಅದನ್ನು ಹಿಂದಕ್ಕೆ ಎಳೆದು, ಎರಡೂ ಕಡೆ ಸಮ ಮಾಡಿ, ಬಿಗಿಯಬೇಕು. ನಾನು ಅವಳ ಅಂಗಿ ಹಿಡಿದು ಜಗ್ಗಿದೆ, ಬೆನ್ನಿಗೆ ಹೊಡೆದೆ. ಅವಳು ತಿರುಗಿ ನೋಡಿದಳು. ಮುಖವೆಲ್ಲ ಬೂದಿ, ಕಣ್ಣು ಕೆಂಪು. ಧ್ವನಿ ಮಾತ್ರ ಏರಲಿಲ್ಲ.

"ತಡಿ ಪುಟ್ಟಿ. ಹೀಗೇ ಹೋದ್ರೆ ದಾರಿ ಮಧ್ಯ ನಿಲ್ತದೆ. ಆಗ ಅಕ್ಕನೂ ಬರಲ್ಲ, ನಾನೂ ಬರಲ್ಲ."

ಹ್ಯಾಂಡಲ್ಲು ಹಿಡಿದಿದ್ದ ಅವಳ ಕೈ ಅಲುಗಲಿಲ್ಲ. ಗುಡ್ಡದ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಹಮೀದಣ್ಣನ ಸ್ಪ್ಯಾನರನ್ನೇ ನೋಡುತ್ತಿದ್ದಳು. ಅವರು ಬಿಗಿದಾದ ಮೇಲೆ ತಾನೂ ಬಗ್ಗಿ, ಚೈನನ್ನು ಬೆರಳಿನಿಂದ ಎತ್ತಿ ನೋಡಿ, "ಸಾಕು" ಎಂದು ಒದ್ದಳು. ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು.

ಈ ಸಲ ಅವಳು ಹೊಗೆಯೊಳಗೇ ಹೋದಳು. ಕಣ್ಣಿಗೆ ಏನೂ ಸಿಗಲಿಲ್ಲ, ಶಬ್ದವನ್ನಷ್ಟೇ ಹಿಡಿದುಕೊಂಡು ನಿಂತಿದ್ದೆವು. ಅದು ಏರುತ್ತಾ ಸಣ್ಣದಾಯಿತು, ಎಲ್ಲೋ ನಿಂತಲ್ಲೇ ಟಕಟಕ ಎಂದಿತು, ಮತ್ತೆ ದೊಡ್ಡದಾಗತೊಡಗಿತು. ಗೇಟಿನ ಹತ್ತಿರ ಹೊಗೆ ಸೀಳಿಕೊಂಡು ಕೊಕ್ಕರೆ ಕೊಕ್ಕು ಹೊರಬಂತು. ಅದರ ಹಿಂದೆ ಚಿಕ್ಕಿ, ಅವಳ ಸೊಂಟ ತಬ್ಬಿ ಮುಖವನ್ನು ಬೆನ್ನಿಗೊತ್ತಿಕೊಂಡಿದ್ದ ಅಮ್ಮ. ಅಮ್ಮನ ಸೀರೆಯಂಚು ಕಪ್ಪಗೆ ಸುಟ್ಟಿತ್ತು. ಕುಡುಗೋಲು ಇನ್ನೂ ಕೈಯಲ್ಲೇ ಇತ್ತು, ಬಿಡಿಸಲು ಹಮೀದಣ್ಣ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಬೇಕಾಯಿತು.

ಅಷ್ಟರಲ್ಲಿ ಲೈನುಮನೆಗಳ ಆಳುಗಳೆಲ್ಲ ಬೆಂಕಿ ಬಡಿಯಲು ಹಸಿ ಸೊಪ್ಪು ಹಿಡಿದು ಗೇಟಿನ ಹತ್ತಿರ ಓಡಿದ್ದರು. ಬೆಂಕಿ ಬೇಲಿಯವರೆಗೆ ಬಂದು ಅಲ್ಲೇ ಸತ್ತಿತು. ಚಿಕ್ಕಿ ಕಣದ ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರು ಪೂರ್ತಿ ಕುಡಿದಳು. ಆಮೇಲೆ "ಬೆಳಿಗ್ಗೆ ಆ ನಟ್ಟು ಬಿಗಿದೋಳು ನಾನೇ ಹಮೀದಣ್ಣ, ಸಾಕಾಗಿರ್ಲಿಲ್ಲ" ಎಂದಳು. ಅಮ್ಮ ಅವಳ ಕೈಗಳನ್ನು ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು. ಮಸಿಯ ಬಗ್ಗೆ ಏನೂ ಅನ್ನಲಿಲ್ಲ.

ಆ ವಾರದ ಕೊನೆಗೆ ಹೂಮಳೆ ಬಿತ್ತು. ಕೆಲವೇ ದಿನಗಳಲ್ಲಿ ತೋಟವೆಲ್ಲ ಒಂದೇ ಸಲ ಅರಳಿತು. ಮೇಲೆ ಕರಿ ಗುಡ್ಡ, ಕೆಳಗೆ ಹಾಲು ಚೆಲ್ಲಿದಂಥ ಹೂವು. ಮಲ್ಲಿಗೆಯಂಥ ಆ ಪರಿಮಳದ ನಡುವೆ ಚಿಕ್ಕಿ ಬೈಕಿನಲ್ಲಿ ಹಾಜರಿಗೆ ಹೋಗುತ್ತಿದ್ದರೆ ಆಳುಗಳು ಕೆಲಸ ನಿಲ್ಲಿಸಿ ದಾರಿ ಬಿಡುತ್ತಿದ್ದರು.

ಈಗ ಆ ಗುಡ್ಡದ ನೆತ್ತಿಯವರೆಗೆ ರಸ್ತೆ ಬಂದಿದೆ. ಶನಿವಾರ ಭಾನುವಾರ ಅಂಥ ಬೈಕುಗಳು ಹಿಂಡುಹಿಂಡಾಗಿ ಹತ್ತುತ್ತವೆ. ಹಮೀದಣ್ಣನ ಗ್ಯಾರೇಜಿದ್ದಲ್ಲಿ ಜೇನುತುಪ್ಪ, ಚಾಕೊಲೇಟು ಮಾರುತ್ತಾರೆ. ಚಿಕ್ಕಿ ತೀರಿಕೊಂಡು ಕೆಲವು ವರ್ಷಗಳಾದವು. ನಾನು ಮೂಡಿಗೆರೆಯಲ್ಲಿದ್ದೇನೆ. ನನ್ನ ಕಾರು ಸರ್ವಿಸಿಗೆ ಹೋದರೆ ನಾನು ಗಾಜಿನ ಕೋಣೆಯಲ್ಲಿ ಫೋನು ನೋಡುತ್ತಾ ಕೂರುತ್ತೇನೆ. ಅದರ ಒಳಗೆ ಏನು ನಡೆಯುತ್ತದೆಂದು ಯಾರೂ ತೋರಿಸುವುದಿಲ್ಲ, ನಾನೂ ಕೇಳುವುದಿಲ್ಲ.

ಹೋದ ವರ್ಷ ಅಮ್ಮನಿಗೆ ಎದೆನೋವು ಬಂದು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೊರಟಿದ್ದೆವು. ದಾರಿಯಲ್ಲಿ ಸ್ಟಿಯರಿಂಗಿನ ಎದುರು ಒಂದು ಹಳದಿ ದೀಪ ಹೊತ್ತಿಕೊಂಡಿತು. ಯಾವುದರ ದೀಪವೋ ಗೊತ್ತಾಗಲಿಲ್ಲ. ನಿಲ್ಲಿಸಬೇಕೆನ್ನಿಸಿತು. ಆದರೆ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ಏನನ್ನು ನೋಡಲಿ? ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣು ಮುಚ್ಚಿ ಒರಗಿದ್ದಳು. ನಾವು ಸುರಕ್ಷಿತವಾಗಿಯೇ ತಲುಪಿದೆವು, ಅಮ್ಮ ಹುಷಾರಾಗಿ ಮನೆಗೂ ಬಂದಳು. ಆದರೆ ಆ ದಾರಿಯುದ್ದಕ್ಕೂ ನಾನು ಮಾಡಿದ್ದು ಒಂದೇ: ಆ ದೀಪದ ಕಡೆ ನೋಡದೆ, ಹೆದರಿಕೊಂಡು, ಇನ್ನಷ್ಟು ಜೋರಾಗಿ ಓಡಿಸಿದ್ದು.