ಅಡ್ಡಿಪಡಿಸಿದವರ ಹೆಸರು

ಅಕ್ಕತಂಗಿಯರೇ, ನಡೆದದ್ದನ್ನು ನಿಮಗೆ ಬರೆದು ತಿಳಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಸರ್ಕಾರದವರು ಪೀಣ್ಯದ ಕಾರ್ಖಾನೆಗಳಿಗೆ ರಸ್ತೆ ಮಾಡಲು ನಮ್ಮೂರ ಮಾರಮ್ಮನ ಕಲ್ಲನ್ನು ಕೀಳಲು ಬಂದರು. ಅಮ್ಮನಲ್ಲಿ ಹೂ ಕೇಳದೆ ಕಲ್ಲನ್ನು ಅಲುಗಿಸುವ ಹಾಗಿಲ್ಲ. ಕಲ್ಲಿನ ತಲೆಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅವಳ ಒಪ್ಪಿಗೆ. ನಾನು ಹೂವಿಟ್ಟು ಕೈಮುಗಿದು ಕೂತೆ. ಗಂಟೆ ಕಳೆದರೂ ಹೂ ಅಲುಗಲಿಲ್ಲ, ಕೆಲಸವೂ ನಿಂತೇ ಇತ್ತು.

ಜೀಪಿನಿಂದ ಇಳಿದ ಸಾಹೇಬರು ಪುಸ್ತಕ ತೆಗೆದರು. "ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸ್ತಿದ್ದೀರಿ. ಹೆಸರು ಹೇಳಮ್ಮ, ಪೊಲೀಸರಿಗೆ ಕೊಡ್ತೀನಿ."

ನಮ್ಮ ಮನೆಯಲ್ಲಿ ಯಾರೂ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಅಡ್ಡಿ ಅಂದ್ರೆ ದಾರಿಗೆ ಮುಳ್ಳು ಎಳೆದಾಕೋದು ಸಾರ್. ನಾನು ಅಪ್ಪಣೆ ಕೇಳ್ತಾ ಕುಂತಿವ್ನಿ, ಅಷ್ಟೇಯ."

"ಕೆಲಸ ನಿಂತ್ರೆ ಅದೂ ಅಡ್ಡೀನೇ! ನಿಲ್ಸಿದ್ದು ಯಾರು ಅಂತ ಬರೀಲಿ?"

"ಹೂ ಕೊಡದೆ ಇರೋಳು ಅಮ್ಮ. ಅವಳ ಹೆಸರೇ ಬರ್ಕೊಳ್ಳಿ."

ಸಾಹೇಬರು ಕಲ್ಲನ್ನೊಮ್ಮೆ ನೋಡಿದರು. ಪೆನ್ನನ್ನು ಜೇಬಿಗೆ ಸೇರಿಸಿ, "ನಾಳೆ ಬರ್ತೀನಿ" ಎಂದು ಜೀಪು ಹತ್ತಿದರು.

ಆಗಿನಿಂದ ನನಗೆ ನಾಳೆಯದೇ ಚಿಂತೆ. ಅಮ್ಮನ ಹೆಸರು ಬರೆಯಲು ಬಾರದ ಧೈರ್ಯ, ನನ್ನ ಹೆಸರು ಬರೆಯಲು ಅವರಿಗೆ ಬಂದೇ ಬರುತ್ತದೆ.